ಮೆಟ್ಟಿಲ ಕೆಳಗಿನ ಹ್ಯಾಲೋವೀನ್

ಮಧುರಾ ಅಂದು ಮಧ್ಯಾಹ್ನವೇ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿಟ್ಟು, ಹಿಂದಿನ ದಿನ ಕರಿದಿಟ್ಟಿದ್ದ ಕೋಡುಬಳೆಗಳನ್ನು ಒಂದೊಂದಾಗಿ ದಾರಕ್ಕೆ ಕಟ್ಟತೊಡಗಿದಳು. ಎರಡು ಕುರ್ಚಿಗಳ ನಡುವೆ ಉದ್ದನೆಯ ಕೋಲೊಂದನ್ನು ಬಿಗಿದು, ಕೋಡುಬಳೆಗಳು ಮಕ್ಕಳ ಮೂಗಿನ ಮಟ್ಟಕ್ಕೆ ಜೋತಾಡುವಂತೆ ಇಳಿಬಿಡಬೇಕು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಹಿಡಿದು ತಿನ್ನಬೇಕು. ಅದೇ ಆಟ. ಇಲ್ಲಿ ಅಮೆರಿಕದವರು ಇದನ್ನು ಡೋನಟ್ ಕಟ್ಟಿ ಆಡುತ್ತಾರೆ. ಡೋನಟ್ಟಿನ ಸಕ್ಕರೆ ಮಕ್ಕಳ ಕೂದಲಿಗೆಲ್ಲ ಮೆತ್ತಿಕೊಂಡರೆ ತೊಳೆಯುವವರು ಯಾರು ಎಂದು ಯೋಚಿಸಿ ಅವಳು ಕೋಡುಬಳೆಯನ್ನು ಆರಿಸಿಕೊಂಡಿದ್ದಳು.

ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹ್ಯಾಲೋವೀನ್ ಹಬ್ಬ ಈ ಸಲ ಮನೆಯೊಳಗೇ ಎಂದು ಅವಳು ಸೆಪ್ಟೆಂಬರಿನಲ್ಲೇ ತೀರ್ಮಾನಿಸಿದ್ದಳು. ಅದಕ್ಕೆ ಕಾರಣವಿತ್ತು. ಹೋದ ವರ್ಷ ಅವರು ಫ್ರಿಸ್ಕೋದಲ್ಲಿದ್ದಾಗ, ಆಗ ನಾಲ್ಕು ವರ್ಷದವನಾಗಿದ್ದ ಮಗ ಇಶಾನ್‌ನ ಕೈ ಹಿಡಿದು ಪಕ್ಕದ ಬೀದಿಗೆ ಮಿಠಾಯಿ ಕೇಳಲು ಹೋಗಿದ್ದಳು. ಒಂದು ಮನೆಯ ಜಗಲಿಯ ಕುರ್ಚಿಯಲ್ಲಿ ಹುಲ್ಲು ತುಂಬಿದ ಗೊಂಬೆಯೊಂದು ತೊಡೆಯ ಮೇಲೆ ಮಿಠಾಯಿಯ ಬುಟ್ಟಿ ಇಟ್ಟುಕೊಂಡು ಕೂತಿತ್ತು. ಇಶಾನ್ ಬುಟ್ಟಿಗೆ ಕೈ ಹಾಕಿದ್ದೇ ತಡ, ಗೊಂಬೆ ಕಿರುಚುತ್ತಾ ಎದ್ದು ನಿಂತಿತು. ಒಳಗಿದ್ದದ್ದು ಮನೆಯ ಯಜಮಾನ. ತಮಾಷೆಗೆ ಮಾಡಿದ್ದು. ಮಗು ಕೈ ಕೊಸರಿಕೊಂಡು ಕತ್ತಲ ರಸ್ತೆಗೆ ಓಡಿತು, ಬರುತ್ತಿದ್ದ ಕಾರು ಎರಡು ಅಡಿ ದೂರದಲ್ಲಿ ನಿಂತಿತು. ಅಲ್ಲಿಂದ ಮುಂದೆ ಕಾಲಿಂಗ್ ಬೆಲ್ ಆದರೆ ಸಾಕು, ಇಶಾನ್ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದ. ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ಆಂಬುಲೆನ್ಸ್, ಯಾವ ದೊಡ್ಡ ಸದ್ದಿಗೂ ಕಿವಿ ಮುಚ್ಚಿಕೊಂಡು ನಡುಗುತ್ತಿದ್ದ. ಅಲ್ಲಿಂದ ಈ ಅಲೆನ್ ಊರಿಗೆ ಶಿಫ್ಟ್ ಆದ ಮೇಲೆ ಹೊಸ ಶಾಲೆಯ ಟೀಚರ್ ಕೂಡ ಇವನನ್ನು ಒಮ್ಮೆ ಯಾರಿಗಾದರೂ ತೋರಿಸಿ ಎಂದು ಮೆಲ್ಲಗೆ ಹೇಳಿದ್ದರು. ಮಧುರಾ ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು.

ನಾಲ್ಕು ಗಂಟೆಗೆ ಎದುರು ಮನೆಯ ಕೋಕಿಲಾ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಳು. ಧಾರವಾಡದ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್. ಯಾರೋ ರಜೆ ಹಾಕಿದ್ದರಿಂದ ಅವಳಿಗೆ ದಿಢೀರನೆ ಒಂಬತ್ತು ಗಂಟೆಯವರೆಗೆ ಡ್ಯೂಟಿ ಬಿದ್ದಿತ್ತು. ಗಂಡ ಊರಿಗೆ ಹೋಗಿದ್ದ.

"ನಿಮಗ ಭಾಳ ತ್ರಾಸ ಕೊಡಾಕತ್ತೀನಿ ನೋಡ್ರಿ ಮಧುರಾ."

"ಅಯ್ಯೋ, ಇಶಾನ್ ಒಬ್ಬನೇ ಇದ್ರೆ ಅವನ ಜೊತೆ ನಾನೇ ಎಲ್ಲಾ ಆಟ ಆಡ್ಬೇಕಿತ್ತು. ನೀವು ಆರಾಮಾಗಿ ಹೋಗ್ಬನ್ನಿ."

ಏಳು ವರ್ಷದ ಮಿಹಿರ್ ಬಂದವನೇ ತಾನು ಈಜಿಪ್ಟಿನ ಮಮ್ಮಿ ಆಗಬೇಕು ಎಂದ. ಅದಕ್ಕೆ ಎರಡು ಸುರುಳಿ ಟಾಯ್ಲೆಟ್ ಪೇಪರ್ ಸಿದ್ಧವಿತ್ತು. ಇಶಾನ್ ಮತ್ತು ಮಿಹಿರ್‌ನ ತಂಗಿ ಸಮೀಕ್ಷಾ ಇಬ್ಬರೂ ಅವನ ಸುತ್ತ ಓಡುತ್ತಾ ಓಡುತ್ತಾ ಪಾದದಿಂದ ಹಣೆಯವರೆಗೆ ಸುತ್ತಿದರು. ನಾಲ್ಕು ವರ್ಷದ ಸಮೀಕ್ಷಾ ಚಿಟ್ಟೆಯ ರೆಕ್ಕೆ ಕಟ್ಟಿಕೊಂಡಿದ್ದಳು. ಇಶಾನ್ ಮಾತ್ರ ಮುಖವಾಡ ಬೇಡವೇ ಬೇಡ ಎಂದು ಹಟ ಹಿಡಿದು, ಕಸದ ಲಾರಿಯಾಗಿದ್ದ. ಅವನೂ ಅಪ್ಪನೂ ಸೇರಿ ದೊಡ್ಡ ರಟ್ಟಿನ ಡಬ್ಬಕ್ಕೆ ಹಸಿರು ಬಣ್ಣ ಬಳಿದು, ಕಾಗದದ ತಟ್ಟೆಗಳನ್ನು ಚಕ್ರಗಳಾಗಿ ಅಂಟಿಸಿದ್ದರು. ಡಬ್ಬದ ಮೇಲಿಂದ ತಲೆ, ಕೆಳಗಿಂದ ಎರಡು ಸಣಕಲು ಕಾಲು.

ಈ ಹಬ್ಬಕ್ಕೆ ಮುಖ ಕೊರೆದಿಡುವ ಕುಂಬಳಕಾಯಿಗಳಿಗೆ ಚಾಕು ತಾಗಿಸಲಿಲ್ಲ. ಮಧುರಾಳ ಬಿಂದಿಯ ಹಾಳೆಗಳನ್ನೆಲ್ಲ ಖಾಲಿ ಮಾಡಿ ಕಣ್ಣು, ಮೂಗು, ಹಲ್ಲು ಅಂಟಿಸಿದರು. ಸಮೀಕ್ಷಾಳ ಕುಂಬಳಕಾಯಿಗೆ ಹನ್ನೊಂದು ಕಣ್ಣುಗಳಾದವು. ಆಮೇಲೆ ಕೋಡುಬಳೆ ಆಟದಲ್ಲಿ ಮಿಹಿರ್‌ನ ಬಾಯಿಗೆ ಕೋಡುಬಳೆಗಿಂತ ಹೆಚ್ಚು ಅವನ ಟಾಯ್ಲೆಟ್ ಪೇಪರೇ ಸಿಕ್ಕಿತು. ಮಕ್ಕಳು ನಕ್ಕೂ ನಕ್ಕೂ ನೆಲಕ್ಕೆ ಬಿದ್ದರು. ಇಶಾನ್ ಹಾಗೆ ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು ಎಂದು ಮಧುರಾಗೆ ಅನ್ನಿಸಿತು.

ಆರಕ್ಕೆ ಹತ್ತು ನಿಮಿಷವಿದ್ದಾಗ ಗಂಡ ವಿಶ್ವಾಸ್ ಫೋನ್ ಮಾಡಿದ. ಮೂರು ಗಂಟೆ ದಾರಿಯ ಫ್ಲೂಗರ್‌ವಿಲ್‌ನ ಆಫೀಸಿಗೆ ಎರಡು ದಿನದ ಮಟ್ಟಿಗೆ ಹೋಗಿದ್ದವನು ಡ್ರೈವ್ ಮಾಡಿಕೊಂಡು ವಾಪಸಾಗುತ್ತಿದ್ದ.

"ಡಾಲಸ್ ದಾಟ್ತಾ ಇದೀನಿ. ಪಶ್ಚಿಮದ ಕಡೆ ಆಕಾಶ ಒಂಥರಾ ಹಸಿರಾಗಿದೆ ಕಣೆ. ಬಿರುಗಾಳಿ ಏನಾದ್ರೂ ಬರ್ತಿದ್ಯಾ, ಟೀವಿ ಹಾಕಿ ನೋಡು."

ಅವಳು ಟೀವಿ ಹಾಕಲಿಲ್ಲ. ಆಗಷ್ಟೇ ಕೊನೆಯ ಆಟ ಶುರುವಾಗಿತ್ತು. ಬೇಯಿಸಿ ತಣಿಸಿದ ಶಾವಿಗೆಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ, ಸಿಪ್ಪೆ ಸುಲಿದ ದ್ರಾಕ್ಷಿಗಳನ್ನು ಅದರಲ್ಲಿ ಹುದುಗಿಸಿ, ಮೇಲೆ ಬಟ್ಟೆ ಮುಚ್ಚಿದ್ದಳು. ನೋಡದೆ ಕೈ ಹಾಕಿ ದೆವ್ವದ ಕರುಳು ಯಾವುದು, ಕಣ್ಣು ಯಾವುದು ಹೇಳಬೇಕು. ಸಮೀಕ್ಷಾ ಎರಡೂ ಕೈಯನ್ನು ಮೊಣಕೈವರೆಗೆ ಇಳಿಸಿ, ಕಣ್ಣು ಮುಚ್ಚಿ ಆನಂದವಾಗಿ ಕಲಸುತ್ತಿದ್ದಳು.

ಆಗ ಮಧುರಾಳ ಫೋನ್ ಮೇಜಿನ ಮೇಲೆ ಕಿರುಚಿಕೊಂಡಿತು. ಸುಂಟರಗಾಳಿಯ ಎಚ್ಚರಿಕೆ, ತಕ್ಷಣ ಆಶ್ರಯಕ್ಕೆ ಹೋಗಿ ಎಂಬ ಸಂದೇಶ. ಅದನ್ನು ಓದಿ ಮುಗಿಸುವಷ್ಟರಲ್ಲಿ ಹೊರಗೆ ಊರಿನ ಸೈರನ್ ಏಳತೊಡಗಿತು. ಮೊದಲು ಎಲ್ಲೋ ದೂರದಲ್ಲಿ, ಆಮೇಲೆ ಹತ್ತಿರದಲ್ಲಿ, ಆಮೇಲೆ ಮನೆಯ ಗಾಜುಗಳಲ್ಲೆಲ್ಲ.

ಅವಳ ಮೊದಲ ನೋಟ ಇಶಾನ್ ಕಡೆಗೆ ಹೋಯಿತು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕಲ್ಲಾಗಿ ನಿಂತಿದ್ದ.

"ಎಲ್ರೂ ಮೆಟ್ಟಿಲ ಕೆಳಗೆ! ಬೇಗ, ಬೇಗ!"

ಟೆಕ್ಸಸ್ಸಿನ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಇದ್ದದ್ದು ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕ್ಲಾಸೆಟ್ ಎಂಬ ಪುಟ್ಟ ಸಾಮಾನು ಕೋಣೆ ಒಂದೇ. ಅವಳು ವ್ಯಾಕ್ಯೂಮ್ ಕ್ಲೀನರನ್ನೂ ಸೂಟ್‌ಕೇಸುಗಳನ್ನೂ ಹೊರಗೆಸೆದಳು. ಗರಾಜಿನಿಂದ ಸೈಕಲ್ ಹೆಲ್ಮೆಟ್ ತಂದಳು. ಸಿಕ್ಕಿದ್ದು ಎರಡೇ. ಒಂದು ಸಮೀಕ್ಷಾಳ ತಲೆಗೆ, ಇನ್ನೊಂದು ಇಶಾನ್‌ಗೆ. ಮಿಹಿರ್‌ಗೆ ಸಣ್ಣ ಪಾತ್ರೆಯೊಂದನ್ನು ಬೋರಲು ಹಾಕಿದಳು. ಅವನು ಕಾಗದದ ಬಾಲ ಎಳೆದುಕೊಂಡು ಓಡಿ ಒಳಗೆ ಕೂತ. ಸಮೀಕ್ಷಾ ಶಾವಿಗೆಯ ಪಾತ್ರೆಯನ್ನು ಬಿಡಲು ಒಪ್ಪದೆ ಅದನ್ನೂ ಅಪ್ಪಿಕೊಂಡು ಬಂದಳು. ಇಶಾನ್ ಬಾಗಿಲಲ್ಲಿ ಸಿಕ್ಕಿಕೊಂಡ. ಲಾರಿ ಒಳಗೆ ಹೋಗುತ್ತಿರಲಿಲ್ಲ.

"ತೆಗಿ ಅದನ್ನ, ಇಶಾನ್!"

"ನೋ! ಇಟ್ಸ್ ಮೈ ಟ್ರಕ್!"

ಅವಳಿಗೆ ಬೇರೆ ದಾರಿಯಿರಲಿಲ್ಲ. ಡಬ್ಬದ ಮೂಲೆಗೆ ಎರಡೂ ಕೈ ಹಾಕಿ ಪರ್ರನೆ ಹರಿದಳು. ಇಶಾನ್ ಜೋರಾಗಿ ಅತ್ತ. ಒಂದು ತಟ್ಟೆ ಚಕ್ರ ಹಾಲ್‌ನ ತುದಿಯವರೆಗೆ ಉರುಳಿಹೋಯಿತು. ಚಪ್ಪಟೆಯಾದ ರಟ್ಟನ್ನೂ ಮಗನನ್ನೂ ಒಟ್ಟಿಗೆ ಒಳಗೆಳೆದುಕೊಂಡು ಬಾಗಿಲು ಮುಚ್ಚಿದಳು. ಮರುಕ್ಷಣವೇ ಕರೆಂಟ್ ಹೋಯಿತು.

ಕತ್ತಲು. ಮೂರು ಮಕ್ಕಳ ಉಸಿರು. ಮಿಹಿರ್ ನಡುಗುವ ದನಿಯಲ್ಲೇ ಶಾಲೆಯ ಸುಂಟರಗಾಳಿ ಡ್ರಿಲ್ಲಿನಲ್ಲಿ ಕಲಿತದ್ದನ್ನು ಹೇಳಿಕೊಟ್ಟ. "ಆಂಟಿ, ಗೋಡಿ ಕಡೆ ಮುಖ ಮಾಡಬೇಕ್ರಿ. ಕೈ ಹಿಂಗ, ಕುತ್ತಿಗಿ ಮ್ಯಾಲ." ಎಲ್ಲರೂ ಹಾಗೆ ಮಾಡಿದರು, ಇಶಾನ್ ಮಾತ್ರ ಕಿವಿಯಿಂದ ಕೈ ತೆಗೆಯಲಿಲ್ಲ. ಮಧುರಾ ಫೋನಿನ ಟಾರ್ಚ್ ಹಾಕಿ ವಿಶ್ವಾಸ್‌ಗೆ ಕರೆ ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು. ಹೋಗಲಿಲ್ಲ. ಈಗ ಅವನು ತೆರೆದ ಹೈವೇಯಲ್ಲಿ ಕಾರಿನೊಳಗಿದ್ದಾನೆ ಎಂಬುದನ್ನು ನೆನೆದು ಮೂರನೆಯ ಸಲವೂ ಮಾಡಿದಳು.

ಸೈರನ್ ನಿಲ್ಲಲಿಲ್ಲ. ಅಳುವಿನ ನಡುವೆ ಇಶಾನ್ ಕೇಳಿದ, "ಅಮ್ಮ, ಹೂ ಈಸ್ ಮೇಕಿಂಗ್ ದಟ್ ನಾಯ್ಸ್?"

ಅವನು ಸದ್ದಿನ ಬಗ್ಗೆ ಪ್ರಶ್ನೆ ಕೇಳಿದ್ದು ಇದೇ ಮೊದಲು. ಮಧುರಾ ತನ್ನ ದನಿಯನ್ನು ಆದಷ್ಟು ಸಮವಾಗಿಟ್ಟುಕೊಂಡಳು.

"ಊರಿನವರು ಕಂದಾ. ಆಫೀಸಲ್ಲಿ ಕೂತಿರೋ ಒಬ್ರು ಬಟನ್ ಒತ್ತಿದಾರೆ. ಹೆದರ್ಸೋಕಲ್ಲ. ಗಾಳಿ ಬರ್ತಿದೆ, ಎಲ್ಲಾ ಮಕ್ಕಳೂ ಒಳಗೆ ಹೋಗ್ಲಿ ಅಂತ."

ಇಶಾನ್ ತಲೆಯೆತ್ತಿ ಬಾಗಿಲ ಕಡೆ ನೋಡಿದ. "ಸೋ... ಇಟ್ಸ್ ಎ ನೈಸ್ ನಾಯ್ಸ್?"

"ಹೂಂ. ತುಂಬಾ ಒಳ್ಳೇ ಸದ್ದು."

ಅವನ ಕೈಗಳು ಕಿವಿಯಿಂದ ಮೆಲ್ಲನೆ ಕೆಳಗಿಳಿದವು. ಪಕ್ಕದಲ್ಲಿ ಸಮೀಕ್ಷಾ ಅಮ್ಮ ಬೇಕು ಎಂದು ಬಿಕ್ಕಳಿಸುತ್ತಿದ್ದಳು. ಇಶಾನ್ ಅವಳ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ ತಾಗಿಸಿ, ಅದು ಒಳ್ಳೆಯ ಸದ್ದು, ಕೂಗಲಿ ಬಿಡು ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ. ಆಮೇಲೆ ಅವಳ ಕೈಯನ್ನು ಹುಡುಕಿ ಹಿಡಿದು ಶಾವಿಗೆಯ ಪಾತ್ರೆಗೆ ಅದ್ದಿದ. "ಫೈಂಡ್ ದಿ ಐಬಾಲ್," ಎಂದ. ಅವಳು ಮೂಗು ಸೊರಸೊರ ಎಳೆಯುತ್ತಾ ಹುಡುಕಿದಳು. ಸಿಕ್ಕಿತು. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು ತಿಂದೇಬಿಟ್ಟಳು.

"ದೆವ್ವದ ಕಣ್ಣು ತಿಂದ್ಳು!" ಎಂದು ಮಿಹಿರ್ ಕೂಗಿದ. ಅವನ ತಲೆಯ ಪಾತ್ರೆ ಗೋಡೆಗೆ ಬಡಿದು ಠಣ್ ಎಂದಿತು. ಕತ್ತಲಲ್ಲಿ ಮೂವರೂ ಕಿಲಕಿಲ ನಕ್ಕರು.

ಆಮೇಲೆ ಆಲಿಕಲ್ಲು ಶುರುವಾಯಿತು. ಮಾಡಿನ ಮೇಲೆ ಯಾರೋ ಲಾರಿಗಟ್ಟಲೆ ಜಲ್ಲಿ ಸುರಿದ ಹಾಗೆ. ಅದರ ಹಿಂದೆಯೇ ಇನ್ನೊಂದು ಸದ್ದು, ನೆಲದೊಳಗಿಂದ ಏಳುವಂಥ ಮೊರೆತ. ಮಧುರಾಳ ಕಿವಿಗಳು ಗವ್ವೆಂದವು. ಅವಳು ಹರಿದ ರಟ್ಟನ್ನು ಮಕ್ಕಳ ಮೇಲೆ ಹೊದಿಸಿ, ಅದರ ಮೇಲೆ ತಾನು ಬಾಗಿ, ಮೂವರನ್ನೂ ಎರಡು ತೋಳುಗಳಲ್ಲಿ ಒತ್ತಿ ಹಿಡಿದಳು. ಎಲ್ಲೋ ಮರ ಮುರಿದ ಸದ್ದು. ಗಾಜು ಒಡೆದ ಸದ್ದು. ದೇವರೇ ದೇವರೇ ಎಂದು ಅವಳ ತುಟಿ ತಾನೇ ತಾನಾಗಿ ಹೇಳುತ್ತಿತ್ತು. ರಟ್ಟಿನ ಕೆಳಗಿಂದ ಇಶಾನ್‌ನ ಪುಟ್ಟ ಕೈಯೊಂದು ಹೊರಬಂದು ಅವಳ ಬೆರಳನ್ನು ಹಿಡಿದುಕೊಂಡಿತು.

ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ಮೊರೆತ ದೂರ ಸರಿಯಿತು. ಮಳೆಯ ಸದ್ದು ಬರೀ ಮಳೆಯ ಸದ್ದಾಯಿತು. ಕೊನೆಗೆ ಸೈರನ್ನೂ ನಿಂತಿತು. ಎಚ್ಚರಿಕೆಯ ಅವಧಿ ಮುಗಿಯುವವರೆಗೆ ಅವಳು ಬಾಗಿಲು ತೆರೆಯಲಿಲ್ಲ. ಅಷ್ಟು ಹೊತ್ತೂ ಟಾರ್ಚಿನ ಬೆಳಕಿಗೆ ಕೈಯೊಡ್ಡಿ ಗೋಡೆಯ ಮೇಲೆ ಬಾವಲಿ, ನಾಯಿ, ಮೊಲ ಮಾಡಿಸಿದಳು. ಇಶಾನ್‌ನ ಬಾವಲಿಗೆ ಒಂದೇ ರೆಕ್ಕೆ. ಇನ್ನೊಂದು ಕೈ ಅಮ್ಮನ ಬೆರಳನ್ನು ಬಿಟ್ಟಿರಲಿಲ್ಲ.

ಹೊರಗೆ ಬಂದರೆ ಮನೆ ನಿಂತಿತ್ತು! ಮಾಡು, ಗೋಡೆ, ಎಲ್ಲ ಇದ್ದಲ್ಲೇ ಇದ್ದವು. ಹಿತ್ತಲ ಬೇಲಿ ಮಲಗಿತ್ತು, ಮೇಲಿನ ಕೋಣೆಯ ಒಂದು ಕಿಟಕಿಯ ಗಾಜು ಒಡೆದಿತ್ತು, ಅಷ್ಟೆ. ಮಧುರಾ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

ಏಳೂಕಾಲಿಗೆ ಕೋಕಿಲಾಳ ಕರೆ ಹೇಗೋ ತೂರಿ ಬಂತು. "ಮಕ್ಕಳು ಹೆಂಗದಾರ್ರೀ?" ಎನ್ನುವಾಗ ಅವಳ ದನಿ ಒಡೆದಿತ್ತು.

"ಏನೂ ಆಗಿಲ್ಲ ಕೋಕಿಲಾ, ಮೂವರೂ ಚೆನ್ನಾಗಿದಾರೆ. ತಗೊಳ್ಳಿ, ಮಾತಾಡಿ."

"ಅವ್ವಾ, ಸಮೀಕ್ಷಾ ದೆವ್ವದ ಕಣ್ಣು ತಿಂದ್ಳು," ಎಂದು ಮಿಹಿರ್ ವರದಿ ಒಪ್ಪಿಸಿದ. ಆ ಕಡೆ ಕೋಕಿಲಾ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

ವಿಶ್ವಾಸ್‌ನಿಂದ ಇನ್ನೂ ಏನೂ ಬಂದಿರಲಿಲ್ಲ. ಮಧುರಾ ಮಕ್ಕಳನ್ನು ಕರೆದುಕೊಂಡು ಮನೆ ಮುಂದೆ ಬಂದು ನಿಂತಳು. ಬೀದಿಯವರೆಲ್ಲ ಟಾರ್ಚ್ ಹಿಡಿದು ಹೊರಗೆ ಬಂದಿದ್ದರು. ಪರಸ್ಪರ ಹೆಸರೂ ಗೊತ್ತಿಲ್ಲದವರು ನೀವು ಸರಿಯಿದ್ದೀರಾ ಎಂದು ಕೇಳಿಕೊಳ್ಳುತ್ತಿದ್ದರು. ಮೂರನೇ ಮನೆಯ ಅಜ್ಜಿಯೊಬ್ಬರು ಮೂಗಿಗೆ ಉದ್ದನೆಯ ಮಾಟಗಾತಿಯ ಮೂಗು ಕಟ್ಟಿಕೊಂಡವರು ಹಾಗೆಯೇ ಮರೆತು ಹೊರಗೆ ಬಂದಿದ್ದರು. ಹಾಳೆ ಹರಿದ ಮಮ್ಮಿಯನ್ನೂ ಹೆಲ್ಮೆಟ್ ಹಾಕಿದ ಚಿಟ್ಟೆಯನ್ನೂ ನೋಡಿ, ಒಳಗೆ ಹೋಗಿ ಮಿಠಾಯಿಯ ಬುಟ್ಟಿಯನ್ನೇ ತಂದು ಹಿಡಿದರು. ಮಧುರಾ ಉಸಿರು ಬಿಗಿಹಿಡಿದಳು. ಇಶಾನ್ ಆ ಮೂಗನ್ನು ದಿಟ್ಟಿಸಿ ನೋಡಿದ. ಒಂದು ಚಾಕಲೇಟ್ ಎತ್ತಿಕೊಂಡ. ಆಮೇಲೆ ಬೆರಳು ತೋರಿಸಿ, ನಿಮ್ಮ ಮೂಗು ಸೊಟ್ಟಗಾಗಿದೆ ಎಂದ. ಅಜ್ಜಿ ಮೂಗು ಮುಟ್ಟಿ ನೋಡಿಕೊಂಡು ಗಹಗಹಿಸಿ ನಕ್ಕರು.

ಆಗ ಬೀದಿಯ ತುದಿಯಲ್ಲಿ ಒಂದು ಬೆಳಕು ಕುಲುಕಾಡುತ್ತಾ ಬಂತು. ಮರ ಬಿದ್ದು ರಸ್ತೆ ಮುಚ್ಚಿದ್ದರಿಂದ ಕಾರನ್ನು ಅಲ್ಲೇ ಬಿಟ್ಟು, ವಿಶ್ವಾಸ್ ಫೋನಿನ ಟಾರ್ಚ್ ಹಿಡಿದು ಓಡುತ್ತಾ ಬರುತ್ತಿದ್ದ. ಇಶಾನ್ "ಅಪ್ಪಾ!" ಎಂದು ನುಗ್ಗಿದ. ಮಧುರಾ ಮಗನ ಹಿಂದೆಯೇ ಓಡಿ ವಿಶ್ವಾಸ್‌ನ ತೋಳು ಹಿಡಿದುಕೊಂಡಳು.

"ಎಲ್ಲಿದ್ದೆ? ಎಷ್ಟು ಸಲ ಮಾಡ್ದೆ ಗೊತ್ತಾ!"

"ದಾರೀಲಿ ರಿಚರ್ಡ್‌ಸನ್ ಊರಿನ ಹತ್ರ ಒಂದು ಪೆಟ್ರೋಲ್ ಬಂಕಿನ ಅಂಗಡೀಲಿ. ಹಾಲು, ಬಿಯರ್ ಇಡ್ತಾರಲ್ಲ, ಆ ಕೋಣೆಯಷ್ಟು ದೊಡ್ಡ ಕೂಲರ್ ಒಳಗೆ ಹದಿನೈದು ಜನಾನ ತುಂಬಿದ್ರು. ಸಿಗ್ನಲ್ಲೇ ಇಲ್ಲ. ನನ್ನ ಪಕ್ಕ ಬಾಳೆಹಣ್ಣಿನ ವೇಷದವನೊಬ್ಬ. ಚಳಿಗೆ ಇಬ್ಬರೂ ಅಂಟ್ಕೊಂಡು ನಿಂತಿದ್ವಿ."

ಮಕ್ಕಳು ಬಾಳೆಹಣ್ಣಿನ ಮಾತು ಕೇಳಿ ಕುಣಿದಾಡಿದರು. ಮಧುರಾ ಅವನ ತಣ್ಣನೆಯ ಕೈಗಳನ್ನು ತನ್ನ ಅಂಗೈಯಲ್ಲಿ ಉಜ್ಜುತ್ತಾ, ಇನ್ನೊಂದು ಸಲ ಹೇಳು ಎಂದಳು. ಅವನು ಮೊದಲಿಂದ ಹೇಳಿದ. ಅವಳಿಗೆ ಕಥೆ ಬೇಕಿರಲಿಲ್ಲ, ಆ ದನಿ ಕೇಳುತ್ತಿದ್ದರೆ ಸಾಕಾಗಿತ್ತು.

ಕೋಕಿಲಾ ಬಂದಾಗ ಒಂಬತ್ತೂವರೆ. ಅವಳೂ ಬಿದ್ದ ಮರವನ್ನು ದಾಟಿ ನಡೆದೇ ಬಂದಿದ್ದಳು. ಹಾಲ್‌ನ ಕಾರ್ಪೆಟ್ ಮೇಲೆ ಮೂರು ಮಕ್ಕಳೂ ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ನಿದ್ದೆ ಹೋಗಿದ್ದರು. ಅವಳು ಬೂಟು ಕಳಚಿ ಅವರ ಪಕ್ಕದಲ್ಲಿ ಕೂತು, ಇಬ್ಬರ ಹಣೆಯ ಮೇಲೂ ಕೈಯಿಟ್ಟಳು. ಆಮೇಲೆ ಮೂರನೆಯ ಹಣೆಯ ಮೇಲೂ ಇಟ್ಟಳು.

"ಎಬ್ಬಿಸಬ್ಯಾಡ್ರಿ," ಎಂದಳು ಮಧುರಾಳ ಕಡೆ ತಿರುಗಿ. "ಒಂದ್ ಕಪ್ ಚಾ ಮಾಡ್ತೀರೇನ್ರಿ? ಕೂಡೋಣು ಸ್ವಲ್ಪ ಹೊತ್ತು."

ಮಧುರಾ ಲೈಟರಿನಿಂದ ಗ್ಯಾಸ್ ಒಲೆ ಹಚ್ಚಿ, ಮೂರು ಲೋಟ ನೀರಿಟ್ಟಳು.