ಇಪ್ಪತ್ಮೂರನೇ ಪುಟ

ನಮ್ಮೂರು ಯಾರಂಬಿಯ ಕೃಷಿ ಪ್ರದರ್ಶನದ ಪುಸ್ತಿಕೆ ನಾಲ್ಕು ನಾಲ್ಕು ಪುಟಗಳ ಲೆಕ್ಕದಲ್ಲೇ ಅಚ್ಚಾಗಬೇಕು. ಹಾಳೆ ಮಡಚಿ ನಡುವೆ ಪಿನ್ನು ಹೊಡೆಯುವ ಪುಸ್ತಿಕೆಗೆ ಬೇರೆ ದಾರಿಯಿಲ್ಲ. ಸ್ಪರ್ಧೆಗಳ ಪಟ್ಟಿಯೂ ನಿಯಮಗಳೂ ಸೇರಿ ಪ್ರತಿ ವರ್ಷ ನಲವತ್ತೆಂಟು ಪುಟವಿರುತ್ತಿತ್ತು. ಈ ವರ್ಷ ಟ್ರ್ಯಾಕ್ಟರ್ ಅಂಗಡಿಯವನು ಕೊನೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟದ್ದರಿಂದ ನಲವತ್ತೊಂಬತ್ತಾಯಿತು. ಒಂದು ಪುಟ ಹೋಗಲೇಬೇಕಿತ್ತು.

"ಇಪ್ಪತ್ಮೂರು ತೆಗೀರಿ," ಎಂದರು ಅಧ್ಯಕ್ಷೆ ಈನಿಡ್ ಮಗ್ಗರಿಜ್, ಯೋಚಿಸುವವರ ಹಾಗೆ ನಟಿಸುವ ಗೋಜಿಗೂ ಹೋಗದೆ.

ಸಮಿತಿಯವರೆಲ್ಲ ಹಳೆಯ ಪುಸ್ತಿಕೆಯ ಇಪ್ಪತ್ಮೂರನೇ ಪುಟ ತೆರೆದರು. ಕೈಯಿಂದ ಹೆಣೆದ ಟೀಪಾಟಿನ ಕುಲಾವಿ. ಬಟ್ಟೆ ಹ್ಯಾಂಗರಿನ ಕವಚ. ಮರದ ಚಮಚದ ಗೊಂಬೆ. ಕೊನೆಯ ಎರಡಕ್ಕೆ ನಾನು ಹುಟ್ಟಿದಾಗಿನಿಂದ ಯಾರೂ ಏನೂ ತಂದಿಲ್ಲ. ಮೊದಲನೆಯದಕ್ಕೆ, ಚಹಾ ಆರದಂತೆ ಪಾಟಿಗೆ ತೊಡಿಸುವ ಉಣ್ಣೆಯ ಟೊಪ್ಪಿಗೆ, ತರುವವರು ಒಬ್ಬರೇ.

"ಕುಲಾವಿಗೆ ನಿನ್ನ ತಮ್ಮ ಬರ್ತಾನಲ್ಲ, ಈನಿಡ್?" ಎಂದರು ವಿಲ್ಮಾ. ಹದಿನಾಲ್ಕು ವರ್ಷದಿಂದ ಸ್ಪಂಜ್ ಕೇಕಿನಲ್ಲಿ ಈನಿಡ್‌ಗೆ ಸೋತು ಎರಡನೆಯವರಾಗಿ ಉಳಿದಿರುವ ವಿಲ್ಮಾ, ಸಂದು ಸಿಕ್ಕಲ್ಲೆಲ್ಲ ಬೆರಳು ತೂರಿಸುತ್ತಾರೆ.

"ಒಬ್ಬನೇ ಓಡಿದ್ರೆ ಅದು ಪಂದ್ಯ ಅಲ್ಲ ವಿಲ್ಮಾ, ಬೆಳಗಿನ ವ್ಯಾಯಾಮ. ಬ್ರಿಯೋನಿ, ಬರ್ಕೋ. ಇಪ್ಪತ್ಮೂರು ಹೋಯ್ತು."

ನಾನು ಬರೆದುಕೊಂಡೆ. ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ನನ್ನನ್ನು ಸಹಾಯಕ ಕಾರ್ಯದರ್ಶಿ ಮಾಡಿದ್ದರು. ಕಂಪ್ಯೂಟರ್ ಬರುತ್ತದೆ, ಬಾಯಿ ಬರುವುದಿಲ್ಲ. ಸಮಿತಿಗೆ ಇದಕ್ಕಿಂತ ಅನುಕೂಲದ ಮನುಷ್ಯರು ಸಿಗುವುದಿಲ್ಲ. ಹೇಳಬೇಕೆನಿಸಿದ ಮಾತುಗಳೆಲ್ಲ ಸಂಜೆ ನನ್ನ ದಿನಚರಿಗೆ ಹೋಗುತ್ತವೆ. ಅಲ್ಲಿ ನಾನು ಬಹಳ ವಾಚಾಳಿ.

ಮರುದಿನ ಬೆಳಿಗ್ಗೆ ಪ್ರದರ್ಶನದ ತಗಡಿನ ಸಭಾಂಗಣದ ಪಕ್ಕದ ಕೋಣೆಯಲ್ಲಿ ಫೈಲು ತೆರೆದು ಕೂತೆ. ಹಳೆಯ ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು ಇಪ್ಪತ್ಮೂರನೇ ಪುಟವನ್ನು ಒಮ್ಮೆ ಪೂರ್ತಿ ಓದಿದೆ. ಹೋಗುವವರಿಗೆ ಅಷ್ಟಾದರೂ ಮರ್ಯಾದೆ ಬೇಡವೇ? 'ಕುಲಾವಿಯು ಆರು ಲೋಟದ ಟೀಪಾಟಿಗೆ ಕೂರತಕ್ಕದ್ದು. ಮೂತಿ ಮತ್ತು ಹಿಡಿಗೆ ಕಿಂಡಿ ಇರತಕ್ಕದ್ದು.' ಅಷ್ಟರಲ್ಲಿ ಕಿಟಕಿಯ ಗಾಜನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು. ನೋಡಿದರೆ ಕ್ಲಾರಿ ಮಗ್ಗರಿಜ್, ಈನಿಡ್ ಅವರ ತಮ್ಮ, ಎದೆಗೆ ಒಂದು ಬಟ್ಟೆಚೀಲ ಅವುಚಿಕೊಂಡು ನಿಂತಿದ್ದರು.

ಕ್ಲಾರಿಗೆ ಎಪ್ಪತ್ನಾಲ್ಕು. ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದವರು. ಬೆನ್ನು ಕೈಕೊಟ್ಟ ಮೇಲೆ ಹೆಣಿಗೆ ಹಿಡಿದರು. ಕತ್ತರಿಸಿದ್ದೆಲ್ಲ ಆಮೇಲೆ ಎಲ್ಲಿಗೆ ಹೋಗುತ್ತದೆ ನೋಡೋಣ ಅನ್ನಿಸಿತಂತೆ.

"ಚಿನ್ನ, ಯಾರಿಗೂ ಹೇಳ್ಬೇಡ. ಅದ್ರಲ್ಲೂ ಅಕ್ಕನಿಗೆ," ಎನ್ನುತ್ತ ಚೀಲದಿಂದ ಒಂದು ಗಲಾ ಹಕ್ಕಿಯನ್ನು ತೆಗೆದರು.

ನಮ್ಮೂರ ಮರಗಳಲ್ಲಿ ಕಿರುಚುವ ಅದೇ ಗಿಳಿ, ಆದರೆ ಉಣ್ಣೆಯದು. ಗುಲಾಬಿ ಎದೆ, ಬೂದು ರೆಕ್ಕೆ, ತಲೆಯ ಮೇಲೆ ಮಾಸಲು ಬಿಳಿಯ ಜುಟ್ಟು. ನನ್ನ ಮೇಜಿನ ಮೇಲಿದ್ದ ಕಂದು ಟೀಪಾಟಿಗೆ ಅದನ್ನು ತೊಡಿಸಿದರು. ಪಾಟಿನ ಮೂತಿ ಸರಿಯಾಗಿ ಕೊಕ್ಕಿನ ಜಾಗದಲ್ಲಿ ಹೊರಬಂತು, ಹಿಡಿ ಬಾಲದ ಜಾಗದಲ್ಲಿ. ಟೀಪಾಟು ನನ್ನನ್ನು ಓರೆಗಣ್ಣಿನಿಂದ ನೋಡಿತು. ಈಗ ಮೇಜಿನ ಮೇಲಿನ ಬಿಸ್ಕತ್ತು ಕದ್ದುಬಿಡುತ್ತದೆ ಅನ್ನಿಸಿತು.

"ಹೆಂಗೆ?"

"ತುಂಬಾ..." ಎಂದೆ. ಬಿಸ್ಕತ್ತಿನ ತಟ್ಟೆಯನ್ನು ಈಚೆ ಎಳೆದುಕೊಂಡೆ.

"ಒಂಬತ್ತು ವರ್ಷದಿಂದ ಖಾಲಿ ಜಾಗದ ಕೈಲಿ ಸೋಲ್ತಾ ಇದೀನಿ ಕಣಮ್ಮ. ಇನ್ನೊಬ್ಬ ಮನುಷ್ಯನ ಕೈಲಿ ಸೋತ್ರೆ ಮನಸ್ಸಿಗೆ ಏನೂ ಅಲ್ಲ. ಯಾರೂ ಇಲ್ಲದೆ ಎರಡನೇದು ಬರೋದಿದೆಯಲ್ಲ..."

ಅದು ನಿಜ. ಸ್ಪರ್ಧಿ ಒಬ್ಬರೇ ಇದ್ದರೆ ತೀರ್ಪುಗಾರರು ಮೊದಲ ಬಹುಮಾನವನ್ನು ತಡೆಹಿಡಿಯಬಹುದು. ಒಂಬತ್ತು ವರ್ಷವೂ ತಡೆಹಿಡಿದು ಕ್ಲಾರಿಗೆ ಎರಡನೆಯ ಬಹುಮಾನದ ಕೆಂಪು ರಿಬ್ಬನ್ನು ಕೊಟ್ಟಿದ್ದರು. ಅಕ್ಕ ತಮ್ಮ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಆ ಮನೆಯ ನಡುಹಾದಿಯ ಗೋಡೆಯ ಮೇಲೆ ಈನಿಡ್ ಅವರ ಸ್ಪಂಜ್ ಕೇಕಿಗೆ ಬಂದ ಮೊದಲ ಬಹುಮಾನದ ನೀಲಿ ರಿಬ್ಬನ್ನುಗಳು ನಲವತ್ತೊಂದು. ಕ್ಲಾರಿಯ ಕೆಂಪು ರಿಬ್ಬನ್ನುಗಳು ಅಡುಗೆಮನೆಯ ಡ್ರಾಯರಿನಲ್ಲಿ, ದಾರದುಂಡೆಗಳ ಜೊತೆ.

"ಬಾಗಿಲಿಂದ ಬಚ್ಚಲು ತನಕ ಬರೀ ನೀಲಿ," ಎಂದರು ಕ್ಲಾರಿ. "ಹಲ್ಲುಜ್ಜೋಕೆ ಹೋದ್ರೂ ಅವಳ ಮೆರವಣಿಗೆ ದಾಟ್ಕೊಂಡೇ ಹೋಗ್ಬೇಕು. ನಂಗೆ ಒಂದೇ ಒಂದು ನೀಲಿ ಸಾಕು. ಈ ಸಲ ತಡೆಯೋಕೆ ಅವರಪ್ಪನ ಕೈಲೂ ಆಗಲ್ಲ. ಆಗುತ್ತಾ?"

ನಾನು ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ನನಗೇ ಗೊತ್ತಾಗದ ಹಾಗೆ. ಪುಟ ತೆಗೆಯುತ್ತಿದ್ದಾರೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅವರು ಹಕ್ಕಿಯ ಜುಟ್ಟು ನೇವರಿಸಿ, ಚೀಲಕ್ಕೆ ತುಂಬಿಕೊಂಡು, ಶಿಳ್ಳೆ ಹಾಕುತ್ತ ಹೋದರು.

ಪರದೆಯ ಮೇಲೆ ಪುಟದ ಸಂಖ್ಯೆ ಕೇಳುವ ಚೌಕ ಕಾಯುತ್ತಿತ್ತು. ೨೩ ಎಂದು ಒತ್ತಿದೆ. 'ಈ ಪುಟವನ್ನು ತೆಗೆಯಬೇಕೆಂಬುದು ಖಚಿತವೇ?' ಎಂದು ಯಂತ್ರ ಕೇಳಿತು. ಸಮಿತಿಯಲ್ಲಿ ಯಾರೂ ನನ್ನನ್ನು ಇಷ್ಟು ವಿನಯದಿಂದ ಏನನ್ನೂ ಕೇಳಿರಲಿಲ್ಲ. ಖಚಿತವಲ್ಲ ಎಂದು ಒಳಗೊಳಗೇ ಉತ್ತರಿಸಿ, ಗಟ್ಟಿಯಾಗಿ ಕಣ್ಣು ಮುಚ್ಚಿ, ಗುಂಡಿ ಒತ್ತಿದೆ. ಕಣ್ಣು ಬಿಟ್ಟಾಗ ಮೂಲೆಯಲ್ಲಿ ನಲವತ್ತೆಂಟು ಎಂದಿತ್ತು. ಮತ್ತೆ ಆ ಕಡೆ ನೋಡದೆ ಫೈಲನ್ನು ಅಚ್ಚಿನ ಮನೆಗೆ ಕಳಿಸಿಬಿಟ್ಟೆ. ಮೊದಲೇ ತೋರಿಸಬೇಕೇ ಎಂದು ಈನಿಡ್ ಅವರಿಗೆ ಫೋನು ಮಾಡಿದ್ದಕ್ಕೆ, "ಒಂದು ಪುಟ ಕೀಳೋಕೂ ನಾನೇ ಬರ್ಬೇಕಾ ಮಗಳೇ?" ಎಂದಿದ್ದರು.

ಹತ್ತು ದಿನಕ್ಕೆ ಐನೂರು ಪುಸ್ತಿಕೆಗಳು ಬಂದವು. ಅಂಚೆ ಕಚೇರಿ, ಮಾಂಸದಂಗಡಿ, ಬೇಕರಿ ಎಲ್ಲ ಕಡೆ ಹಂಚಿ, ಉಳಿದ ಒಂದನ್ನು ಮನೆಗೆ ತಂದು ಚಹಾ ಕುಡಿಯುತ್ತ ತಿರುವಿದೆ. ಇಪ್ಪತ್ತು. ಇಪ್ಪತ್ತೆರಡು. ಇಪ್ಪತ್ಮೂರು: ಕೈಯಿಂದ ಹೆಣೆದ ಟೀಪಾಟಿನ ಕುಲಾವಿ.

ಲೋಟ ಕೆಳಗಿಟ್ಟು ಹಿಂದಕ್ಕೆ ತಿರುವಿದರೆ ಇಪ್ಪತ್ತೊಂದು ಇಲ್ಲವೇ ಇಲ್ಲ.

ಪುಟದ ಸಂಖ್ಯೆಗಳನ್ನು ನಾವೇ ಟೈಪು ಮಾಡುತ್ತೇವೆ, ಮುಖಪುಟಕ್ಕೂ ಅದರ ಹಿಂದಿನ ಅಧ್ಯಕ್ಷರ ಸಂದೇಶಕ್ಕೂ ಸಂಖ್ಯೆ ಹಾಕುವುದಿಲ್ಲ. ಕಾಗದದ ಮೇಲೆ ಒಂದನೇ ಪುಟ ಎಂದಿರುವುದು ಫೈಲಿನಲ್ಲಿ ಮೂರನೆಯದು. ಫೈಲಿನ ಇಪ್ಪತ್ಮೂರು ಎಂದರೆ ಕಾಗದದ ಇಪ್ಪತ್ತೊಂದು. ಕಾಗದದ ಇಪ್ಪತ್ತೊಂದರಲ್ಲಿ ಇದ್ದದ್ದು ಸ್ಪಂಜ್ ಕೇಕು. ಎರಡು ಪದರ, ನಡುವೆ ಜಾಮು ಮಾತ್ರ, ಕೇಕು ಆರಿಸುವ ತಂತಿಜಾಲರಿಯ ಗುರುತು ಬಿದ್ದರೆ ಅಂಕ ಕಡಿತ, ಎಲ್ಲವೂ.

ಆ ದಿನ ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಬೇರೆ ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ?

ಆದರೆ ಹೋಗಲಿಲ್ಲ. ಬೆಳಗಾದ ಕೂಡಲೇ ಸೈಕಲ್ ಹತ್ತಿ ಮಗ್ಗರಿಜ್ ಮನೆಗೆ ಹೋದೆ. ಬೇರೆ ಯಾರೋ ಹೇಳಿ ಅವರಿಗೆ ತಿಳಿಯುವುದಕ್ಕಿಂತ ನಾನೇ ಹೇಳಿಬಿಡುವುದು ಕಡಿಮೆ ಭಯಂಕರ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಈನಿಡ್ ಅಂಗಳದಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದರು, ಆ ವರ್ಷದ ಸ್ಪಂಜಿಗೆ ಮೊಟ್ಟೆ ಇಡಬೇಕಾದ ಕೋಳಿಗಳು. ಕ್ಲಾರಿ ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದರು.

"ನಾನು ತಪ್ಪು ಪುಟ ತೆಗೆದೆ," ಎಂದೆ. "ಕುಲಾವಿ ಇದೆ. ಸ್ಪಂಜ್ ಹೋಗಿದೆ. ಕಣ್ಣು ಮುಚ್ಕೊಂಡು ಒತ್ತಿದೆ. ನನ್ನದೇ ತಪ್ಪು."

ನಾನು ಅವರೆದುರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಈನಿಡ್ ಕೈಯಲ್ಲಿದ್ದ ಕಾಳೆಲ್ಲ ಒಂದೇ ಕಡೆ ಸುರಿದುಹೋಯಿತು. ಕೋಳಿಗಳಿಗೆ ಹಬ್ಬ.

"ಕುಲಾವಿ ತೆಗೀಬೇಕು ಅಂತ ಇತ್ತಾ?" ಎಂದರು ಕ್ಲಾರಿ ನಿಧಾನವಾಗಿ. ಒಂದು ಬೂಟು ಕೈಯಲ್ಲೇ ಇತ್ತು. "ಯಾರು ಹೇಳಿದ್ದು?"

ಈನಿಡ್ ಕೋಳಿಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು.

"ಓ," ಎಂದರು ಕ್ಲಾರಿ. ಬೂಟು ಹಾಕಿಕೊಂಡು ಎದ್ದು ಒಳಗೆ ಹೋದರು.

"ಒಂದು ಚೀಟಿ ಅಚ್ಚು ಹಾಕ್ಸು," ಎಂದರು ಈನಿಡ್ ನನಗೆ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಎಲ್ಲಾ ಪುಸ್ತಿಕೆಗೂ ಸಿಕ್ಕಿಸು."

ಅದಕ್ಕೆ ಸಮಿತಿ ಒಪ್ಪಬೇಕಿತ್ತು. ಸಮಿತಿಯಲ್ಲಿ ವಿಲ್ಮಾ ಇದ್ದರು. ಅವರು ಅಂದು ಕೆನ್ನೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು.

"ಏಳನೇ ನಿಯಮ," ಎಂದು ಓದಿದರು ವಿಲ್ಮಾ, ಜೇನು ಸುರಿಯುವ ದನಿಯಲ್ಲಿ. "ಅಚ್ಚಾದ ಪಟ್ಟಿಗೆ ಯಾವ ತಿದ್ದುಪಡಿಯೂ ಇಲ್ಲ. ಇದನ್ನ ಬರೆದೋರು ಯಾರಪ್ಪಾ? ಹೋದ ವರ್ಷ ನನ್ನ ತಂಗಿ ಮಾರ್ಮಲೇಡಿಗೆ ಒಂದು ವಿಭಾಗ ಸೇರಿಸಿ ಅಂತ ಬೇಡ್ಕೊಂಡಾಗ ಇದೇ ನಿಯಮ ತೋರಿಸಿದ್ದು ಯಾರಪ್ಪಾ?"

ಕೈ ಎತ್ತಿದಾಗ ಈನಿಡ್ ಕಡೆ ಒಂದೇ ಕೈ. ಅದು ಅವರದೇ.

"ಸರಿ," ಎಂದು ಅವರು ಎದ್ದರು. "ನಲವತ್ತೊಂದು ವರ್ಷದಿಂದ ಮೇಜಿನ ಮೇಲೆ ನನ್ನ ವಸ್ತು ಇಲ್ಲದೆ ಈ ಪ್ರದರ್ಶನ ನಡೆದಿಲ್ಲ. ಈ ವರ್ಷಾನೂ ಇರುತ್ತೆ. ಬ್ರಿಯೋನಿ, ಕುಲಾವಿಗೆ ನನ್ನ ಹೆಸರು ಬರ್ಕೋ."

ಆ ನಾಲ್ಕು ವಾರ ಮಗ್ಗರಿಜ್ ಮನೆಯಲ್ಲಿ ಅಕ್ಕ ಮುಂದಿನ ಕೋಣೆಯಲ್ಲಿ, ತಮ್ಮ ಹಿಂದಿನ ಕೋಣೆಯಲ್ಲಿ, ಎರಡೂ ಬಾಗಿಲು ಹಾಕಿಕೊಂಡು ಹೆಣೆದರಂತೆ. ಕ್ಲಾರಿಯದು ಮುಗಿದಿತ್ತು. ಆದರೂ ಜುಟ್ಟನ್ನು ಮೂರು ಸಲ ಬಿಚ್ಚಿ ಮತ್ತೆ ಹಾಕಿದರು. ಒಮ್ಮೆ ನನ್ನ ಕೋಣೆಯ ಕಿಟಕಿಯ ಬಳಿ ಬಂದು, "ಅವಳು ಸೋಲಿಗೆ ಹುಟ್ಟಿದೋಳಲ್ಲ ಕಣೇ ಚಿನ್ನ. ಖಾಲಿ ಜಾಗಾನೇ ಎಷ್ಟೋ ವಾಸಿಯಿತ್ತು," ಎಂದರು. ಮುಖ ಸಣ್ಣಗಾಗಿತ್ತು. ಅವರ ಪುಟ ಉಳಿಸಿದವಳೂ ನಾನೇ, ಅದರ ಮೇಲೆ ಅವರಕ್ಕನನ್ನು ಕೂರಿಸಿದವಳೂ ನಾನೇ.

ಪ್ರದರ್ಶನದ ಶನಿವಾರ ತಗಡಿನ ಸಭಾಂಗಣ ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ಹೊರಗೆ ಮರ ಕಡಿಯುವ ಪಂದ್ಯ, ಒಳಗೆ ಲ್ಯಾಮಿಂಗ್ಟನ್ ಕೇಕು, ಕುಂಬಳಕಾಯಿ, ಡೇಲಿಯಾ. ತೀರ್ಪುಗಾರ್ತಿ ಶ್ರೀಮತಿ ಪೆಟ್ಟಿಗ್ರೂ ಪಕ್ಕದೂರಿನವರು. ನಮ್ಮೂರಲ್ಲಿ ಯಾರ ಮುಲಾಜೂ ಅವರಿಗಿಲ್ಲ. ಕೃತಿಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಅವರು ಹೇಳಿದ್ದನ್ನು ಬರೆದುಕೊಳ್ಳಲು ನಾನು ಪಕ್ಕದಲ್ಲಿದ್ದೆ. ಅಕ್ಕ ತಮ್ಮ ಹಗ್ಗದಾಚೆ, ನಡುವೆ ಎರಡು ಮಾರು ಬಿಟ್ಟು ನಿಂತಿದ್ದರು.

ಈನಿಡ್ ಅವರ ಕುಲಾವಿ ಕಡುನೀಲಿ. ಒಂದು ಕುಣಿಕೆ ಅತ್ತಿತ್ತ ಇಲ್ಲ. ಪೊಲೀಸಿನವರ ಅಂಗಿಯ ಹಾಗೆ ನೆಟ್ಟಗೆ. ಶ್ರೀಮತಿ ಪೆಟ್ಟಿಗ್ರೂ ಅದನ್ನು ಒಳಗು ಹೊರಗು ಮಾಡಿ ನೋಡಿದರು. "ಇಂಥ ಕೈ ನಾನು ಕಂಡಿಲ್ಲ," ಎಂದರು. ಕ್ಲಾರಿ ತಲೆ ತಗ್ಗಿಸಿದರು.

ಆಮೇಲೆ ತೀರ್ಪುಗಾರ್ತಿ ಮೇಜಿನಡಿಯಿಂದ ಸಭಾಂಗಣದ ಆರು ಲೋಟದ ದೊಡ್ಡ ಟೀಪಾಟು ತೆಗೆದರು. ಹಕ್ಕಿಯನ್ನು ತೊಡಿಸಿದರು. ಕೊಕ್ಕು ಹೊರಬಂತು. ಶ್ರೀಮತಿ ಪೆಟ್ಟಿಗ್ರೂ ನಗಲಿಲ್ಲ, ತೀರ್ಪುಗಾರರು ನಗಬಾರದು, ಆದರೆ ಅವರ ಗಲ್ಲ ನಡುಗಿತು. ಹಕ್ಕಿಯನ್ನು ತೆಗೆದು ಕಡುನೀಲಿಯನ್ನು ತೊಡಿಸಿದರು. ಅದು ಇಳಿಯಲಿಲ್ಲ. ಎಳೆದರು. ಮತ್ತೂ ಇಳಿಯಲಿಲ್ಲ. ಬೋಳುತಲೆಯವನ ಮೇಲೆ ಕೂಸಿನ ಟೊಪ್ಪಿಗೆ ಇಟ್ಟಂತೆ ಮುಚ್ಚಳದ ಮೇಲೆ ಕೂತಿತು.

"ಇದು ಎರಡು ಲೋಟದ ಪಾಟಿನ ಅಳತೆ," ಎಂದರು. "ಪುಟದಲ್ಲಿ ಆರು ಲೋಟ ಅಂತ ಸ್ಪಷ್ಟವಾಗಿದೆಯಲ್ಲ? ಓದಿಲ್ವಾ ಇವರು?"

ಹಗ್ಗದಾಚೆಯಿಂದ ಒಂದು ಸಣ್ಣ ಸದ್ದು ಬಂತು. ಈನಿಡ್ ಆ ಪುಟವನ್ನು ಕಿತ್ತುಹಾಕಲು ಹೊರಟವರು, ಓದಿರಲಿಲ್ಲ. ಮನೆಯಲ್ಲಿ ಇಬ್ಬರಿಗೆ ಚಹಾ ಹಾಕುವ ಪಾಟನ್ನೇ ಅಳೆದು ಹೆಣೆದಿದ್ದರು.

ನೀಲಿ ರಿಬ್ಬನ್ನನ್ನು ಹಕ್ಕಿಯ ಪಕ್ಕದಲ್ಲಿ, ಕೆಂಪನ್ನು ಕಡುನೀಲಿ ಕುಲಾವಿಯ ಪಕ್ಕದಲ್ಲಿ ಇಟ್ಟೆ. ಕ್ಲಾರಿ ಕುಣಿಯಲಿಲ್ಲ, ಕೂಗಲಿಲ್ಲ. ಟೊಪ್ಪಿ ತೆಗೆದು ಹಿಡಿದುಕೊಂಡು, ಬಾಯಿ ಬಿಟ್ಟುಕೊಂಡು ಆ ರಿಬ್ಬನ್ನನ್ನು ನೋಡುತ್ತ ನಿಂತರು.

"ಲೋ ಕ್ಲಾರಿ," ಎಂದರು ಈನಿಡ್, ಮುಂದೆ ನೋಡುತ್ತಲೇ. "ಬಾಯಿ ಮುಚ್ಕೋ. ನೊಣ ಹೋಗುತ್ತೆ."

ಮುಂದಿನ ಗುರುವಾರ ಬಹುಮಾನಗಳ ಪಟ್ಟಿಗೆ ಅಧ್ಯಕ್ಷರ ಸಹಿ ಹಾಕಿಸಲು ಅವರ ಮನೆಗೆ ಹೋದೆ. ನಡುಹಾದಿಯಲ್ಲಿ ನಲವತ್ತೊಂದು ನೀಲಿಗಳು ಹಾಗೇ ಇದ್ದವು. ನಲವತ್ತೆರಡನೆಯದು ಬಚ್ಚಲ ಬಾಗಿಲಿನ ನೇರಕ್ಕೆ, ಒಂದು ಹೊಸ ಮೊಳೆಗೆ ನೇತಾಡುತ್ತಿತ್ತು.

"ಹಲ್ಲುಜ್ಜೋಕೆ ಹೋಗ್ವಾಗ ಕಾಣ್ಲಿ ಅಂತ," ಎಂದರು ಕ್ಲಾರಿ.

ಮೇಜಿನ ಮೇಲೆ ಹೊಸದಾಗಿ ತಂದ ಆರು ಲೋಟದ ಪಾಟಿಗೆ ಗಲಾ ಹಕ್ಕಿ ಕೂತಿತ್ತು. ಈನಿಡ್ ಅದರ ಕೊಕ್ಕಿನಿಂದ ನನಗೆ ಚಹಾ ಸುರಿದರು.

"ನಿಮ್ಮ ಕೆಂಪು ರಿಬ್ಬನ್ನು?" ಎಂದು ಕೇಳಿಯೇಬಿಟ್ಟೆ. ಇತ್ತೀಚೆಗೆ ನನ್ನ ಬಾಯಿ ನನ್ನ ಮಾತು ಕೇಳುತ್ತಿಲ್ಲ.

"ಡ್ರಾಯರಿನಲ್ಲಿ. ಇವನು ತನ್ನ ಒಂಬತ್ತರ ಜೊತೆ ಜಾಗ ಕೊಟ್ಟಿದಾನೆ," ಎಂದರು. ಆಮೇಲೆ ಲೋಟವನ್ನು ನನ್ನ ಕಡೆ ತಳ್ಳಿ, "ಮುಂದಿನ ವರ್ಷ ಟ್ರ್ಯಾಕ್ಟರಿನವನನ್ನ ತೆಗಿ. ಸ್ಪಂಜೂ ಇರ್ಲಿ, ಕುಲಾವೀನೂ ಇರ್ಲಿ. ಮತ್ತೆ ಮಗಳೇ, ಗುಂಡಿ ಒತ್ತುವಾಗ ಕಣ್ಣು ಬಿಟ್ಕೊಂಡಿರು."