ರಕ್ತದ ವಯಸ್ಸು

ಜೈಲಿನ ವಾರ್ಡರನಿಗೆ ನಲವತ್ತಾರು ವರ್ಷ. ಅವನ ಕೈಯಲ್ಲಿ ಹತ್ತು ವರ್ಷದಿಂದ ಏಟು ತಿನ್ನುತ್ತಿದ್ದ, ಬಡಗಿ ಕೆಲಸದ ಕೈದಿಗೂ ಅಷ್ಟೇ ವಯಸ್ಸು. ಜೀನ್‌ಗಳ ಮೇಲೆ ಬದುಕು ಬಿಟ್ಟ ಗುರುತುಗಳನ್ನು ನೋಡಿ ದೇಹ ಎಷ್ಟು ಮುಪ್ಪಾಗಿದೆಯೆಂದು ಅಳೆಯುವ ಅಧ್ಯಯನಕ್ಕೆ ಇಬ್ಬರೂ ರಕ್ತ ಕೊಟ್ಟಿದ್ದರು.

ಫಲಿತಾಂಶ ಬಂದ ದಿನ ವಾರ್ಡರ ಜೈಲಿನ ಡಾಕ್ಟರಮ್ಮನ ಮೇಜಿನಿಂದ ಎರಡೂ ಹಾಳೆ ಕಸಿದುಕೊಂಡ. ಬಡಗಿಯದು ನಲವತ್ತೊಂದು, ತನ್ನದು ಐವತ್ತೊಂಬತ್ತು.

"ಏಟು ತಿಂದೋನು ಅವನು, ಮುದುಕ ಆಗಿದ್ದು ನಾನಾ?"

"ಅವನು ಏಟು ತಿಂದು ಹೋಗಿ ನಿದ್ದೆ ಮಾಡ್ತಾನೆ. ನೀವು ಹೊಡೆದು ಬಂದ್ಮೇಲೂ ಕುದೀತಾನೇ ಇರ್ತೀರಿ. ಮೈ ಅದನ್ನೂ ಮರೆಯಲ್ಲ," ಎಂದರು ಡಾಕ್ಟರಮ್ಮ.

ವಾರ್ಡರ ನೆಟ್ಟಗೆ ಮರಗೆಲಸದ ಕೊಠಡಿಗೆ ನುಗ್ಗಿದ. ಹಲಗೆ ಉಜ್ಜುತ್ತಿದ್ದ ಬಡಗಿಯ ದವಡೆಗೆ ಲಾಠಿ ಬೀಸಿದ. ಎರಡು ಹಲ್ಲು ಮರದ ಹೊಟ್ಟಿನ ಮೇಲೆ ಬಿದ್ದವು. ಬಿದ್ದವನ ಪಕ್ಕೆಗೆ ಬೂಟಿನಲ್ಲಿ ಒದ್ದಾಗ ಮೂಳೆ ಲಟಕ್ಕೆಂದಿತು.

"ಈಗ ಬೊಗಳೋ, ನಿಂಗೆಷ್ಟು ವಯಸ್ಸು?"

ಏನು ಕೇಳುತ್ತಿದ್ದಾನೆಂದು ಬಡಗಿಗೆ ತಿಳಿಯಲಿಲ್ಲ. ಹತ್ತು ವರ್ಷ ಹಲ್ಲು ಕಚ್ಚಿ ಸಹಿಸಿದ್ದವನು ಅವತ್ತು ಎದ್ದ, ಕೊಡತಿ ಎತ್ತಿ ಲಾಠಿ ಹಿಡಿದ ಕೈಗೆ ಒಮ್ಮೆ, ಮತ್ತೊಮ್ಮೆ ಜಜ್ಜಿದ. ಬೆರಳುಗಳು ನುಚ್ಚಾದವು. ವಾರ್ಡರ ಮಗುವಿನಂತೆ ಕಿರುಚಿದ.

ಬಡಗಿಯ ಶಿಕ್ಷೆಗೆ ಎರಡು ವರ್ಷ ಸೇರಿತು. ಅಷ್ಟರಲ್ಲಿ ಆ ಹಾಳೆಗಳ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

"ಹೋಗ್ಲಿ ಬಿಡಿ ಡಾಕ್ಟರಮ್ಮ," ಎಂದ ಅವನು, ಎರಡು ಹಲ್ಲಿಲ್ಲದ ಬಾಯಲ್ಲೇ. "ನನ್ನ ಲೆಕ್ಕದಲ್ಲಿ ಐದು ವರ್ಷ ಉಳಿದಿದೆಯಂತಲ್ಲ."

ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಆ ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕಿತ್ತೆಂದು ಅವರು ಇವತ್ತಿಗೂ ಕೊರಗುತ್ತಾರೆ.