ಕೂಗದ ಸೈರನ್

ಗೌರಿಬಾಯಿ ಗಂಡನ ಬೆನ್ನ ಹಿಂದೆ ನಿಂತು ಸ್ಟೀಲಿನ ತಾಟನ್ನು ಕೈಬಿಟ್ಟಳು. ತಾಟು ನೆಲಕ್ಕೆ ಬಿದ್ದು ಗಿರಗಿರನೆ ಸುತ್ತಿತು. ಹೊರಸಿನ ಮೇಲೆ ಕೂತಿದ್ದ ಥಾವರೆಪ್ಪ ಬೆಚ್ಚಿಬಿದ್ದು ತಿರುಗಿದ.

"ನೋಡ್ರಿ ಸಾಹೇಬ್ರ, ಕೇಳಸ್ತೈತಿ. ಹುಬ್ಬಳ್ಳಿ ಡಾಕ್ಟರೂ ಕಿವಿ ಛಲೋ ಅದಾವು ಅಂದ್ರು. ಮತ್ತ ಅವತ್ತ ಆ ಸೈರನ್ ನನಗ್ಯಾಕ ಕೇಳಲಿಲ್ಲ?"

ಪುಂಡಲೀಕ ತಂದಿದ್ದ ಬಾಳೆಹಣ್ಣಿನ ಚೀಲ ಇನ್ನೂ ಅವನ ತೊಡೆಯ ಮೇಲೇ ಇತ್ತು. ಮುಂಡಗೋಡದಲ್ಲಿ ಬಸ್ಸಿಳಿದು ತಾಂಡಾದ ದಾರಿ ಹಿಡಿದಾಗ, ಆಡಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡೇ ಬಂದಿದ್ದ. ಥಾವರೆಪ್ಪನ ಎರಡೂ ಕೈಗಳು ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡಿದ್ದನ್ನು ನೋಡಿದ ಮೇಲೆ "ಹೆಂಗದೀ" ಅನ್ನುವುದೊಂದೇ ಬಾಯಿಂದ ಹೊರಟಿತ್ತು.

ಹಳಿಯಾಳದ ಹೊರಗೆ ಗೋವಿನಜೋಳದಿಂದ ಸ್ಟಾರ್ಚ್ ತೆಗೆಯುವ ಕಾರ್ಖಾನೆಯಲ್ಲಿ ಪುಂಡಲೀಕ ಮೀಟರು, ಪ್ಯಾನೆಲ್ಲು ನೋಡಿಕೊಳ್ಳುವ ಟೆಕ್ನಿಶಿಯನ್. ಥಾವರೆಪ್ಪ ಅಲ್ಲೇ ಗುತ್ತಿಗೆ ಕೂಲಿ. ಕುದಿಯುವ ಗಂಜಿಯ ಟ್ಯಾಂಕಿನ ಮಟ್ಟ ಎಷ್ಟಿದೆಯೆಂಬುದು ತಂತಿಯ ಮೂಲಕ ಕಂಟ್ರೋಲ್ ರೂಮಿನಲ್ಲಿ ಅಳತೆ ಓದುವ ಅನಲಾಗ್ ಕಾರ್ಡಿಗೆ ಬರುತ್ತಿತ್ತು. ಟ್ಯಾಂಕು ನೂರಕ್ಕೆ ಎಂಬತ್ತು ಪಾಲು ತುಂಬಿದರೆ ಸೈರನ್ ಕೂಗಬೇಕು. ಕೂಗಿದರೆ ಕೆಳಗಿದ್ದವರು ದೂರ ಓಡಬೇಕು. ಆ ಎಂಬತ್ತನ್ನು ಕಾರ್ಡಿನಲ್ಲಿ ಇಡುವುದು ಪುಂಡಲೀಕನ ಕೆಲಸ. ಹೊಸ ಜೋಳ ಬಂದಾಗಿನಿಂದ ಗಂಜಿ ವಿಪರೀತ ನೊರೆ ಕಟ್ಟುತ್ತಿತ್ತು. ನೊರೆಯನ್ನೇ ಗಂಜಿಯೆಂದು ಬಗೆದು ಸೈರನ್ ಮಾತೆತ್ತಿದರೆ ಅರಚುತ್ತಿತ್ತು.

"ಅದರ ಬಾಯಿ ಮುಚ್ಚಸೋ ಮಾರಾಯಾ, ತಲಿ ಚಿಟ್ಟ ಹಿಡದೈತಿ," ಎಂದಿದ್ದರು ಶಿಫ್ಟ್ ಇಂಜಿನಿಯರ್ ಅಂದಾನೆಪ್ಪ.

ಪುಂಡಲೀಕ ಎಂಬತ್ತನ್ನು ನೂರು ಮಾಡಿದ. ಅಳತೆ ನೂರನ್ನು ದಾಟುವಂತೆಯೇ ಇರಲಿಲ್ಲ. ಹಾಗಾಗಿ ಸೈರನ್ ಕೂಗುವಂತೆಯೂ ಇರಲಿಲ್ಲ. ನೊರೆ ತಗ್ಗಿದ ಮೇಲೆ ಹಿಂದಕ್ಕೆ ತಂದರಾಯಿತು ಅಂದುಕೊಂಡ. ಸದ್ದಿಲ್ಲದ ಕೋಣೆ ಎಲ್ಲರಿಗೂ ಹಿತವಾಗಿತ್ತು, ಅವನಿಗೂ. ಮರೆತುಬಿಟ್ಟ.

ಗಂಜಿ ಉಕ್ಕಿದಾಗ ಥಾವರೆಪ್ಪ ಟ್ಯಾಂಕಿನ ಕೆಳಗೆ ವಾಲ್ವ್ ತಿಕ್ಕುತ್ತಿದ್ದ. ಅವನ ಚೀರಾಟಕ್ಕೆ ಎಲ್ಲರೂ ಹೊರಗೆ ಓಡಿದರು. ಪುಂಡಲೀಕ ಮಾತ್ರ ಒಂದು ಗಳಿಗೆ ಹಿಂದುಳಿದು ನೂರನ್ನು ಮತ್ತೆ ಎಂಬತ್ತು ಮಾಡಿದ. ತಕ್ಷಣ ಸೈರನ್ ಕಾರ್ಖಾನೆಯೆಲ್ಲ ಅದುರುವಂತೆ ಕೂಗಿತು. ಆ ಗದ್ದಲದಲ್ಲಿ ಚೀರಾಟ ಮೊದಲೋ ಸೈರನ್ ಮೊದಲೋ ಯಾರಿಗೂ ನೆನಪುಳಿಯಲಿಲ್ಲ. ಯೋಚನೆ ಮಾಡದೆ ಬೆರಳುಗಳೇ ಮಾಡಿದವು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಮಾಡುವ ಮುಂಚೆ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದ್ದ.

ಸೈರನ್ ಕೂಗಿದರೂ ಕೂಲಿಯವನು ಸರಿಯಲಿಲ್ಲ, ನಿದ್ದೆ ಮಾಡುತ್ತಿದ್ದಿರಬೇಕು ಎಂದು ಮ್ಯಾನೇಜರ್ ಚನಬಸಪ್ಪ ತೀರ್ಮಾನಿಸಿದರು. ಇನ್ನು ಬರುವುದು ಬೇಡ ಎಂದು ಗುತ್ತಿಗೆದಾರ ಹೇಳಿ ಕಳಿಸಿದ.

"ನಿಂತಲ್ಲೇ ನಿದ್ದಿ ಹತ್ತಿರಬೇಕ್ರಿ ನನಗ," ಎಂದ ಥಾವರೆಪ್ಪ. "ತಪ್ಪ ನಂದ. ನಿಮಗೆಲ್ಲಾ ಸುಮ್ನ ತ್ರಾಸ ಆತು."

"ಈಗ ಒಲಿ ಮುಂದ ಕೂಡಾಕೂ ಅಂಜ್ತಾನ್ರಿ," ಎಂದಳು ಗೌರಿಬಾಯಿ. "ಎಲ್ಲಿ ನಿದ್ದಿ ಬಂದು ಬೆಂಕ್ಯಾಗ ಬೀಳ್ತೇನೋ ಅಂತಾನ."

ಪುಂಡಲೀಕ ಚೀಲವನ್ನು ಕೆಳಗಿಟ್ಟ.

"ನೀ ನಿದ್ದಿ ಮಾಡಿರ್ಲಿಲ್ಲ, ಥಾವರೆಪ್ಪ. ಸೈರನ್ ಹೊಡೀಲೇ ಇಲ್ಲ. ನಾನ ಅದನ್ನ ಬಂದ್ ಮಾಡಿ ಇಟ್ಟಿದ್ದೆ. ನೀ ಚೀರಿದ ಮ್ಯಾಲೆ ಚಾಲೂ ಮಾಡಿದೆ."

ಇನ್ನು ಬೈಗುಳ ಬರುತ್ತದೆಂದು ತಲೆ ಬಗ್ಗಿಸಿ ಕೂತ. ಥಾವರೆಪ್ಪ ಹೊರಸಿನಿಂದ ಮುಂದಕ್ಕೆ ಬಾಗಿದ.

"ಹಂಗಾರ ನಾ ಎಚ್ಚರ ಇದ್ದೆ?"

"ಎಚ್ಚರ ಇದ್ದಿ."

ಥಾವರೆಪ್ಪ ಹೆಂಡತಿಯ ಕಡೆ ತಿರುಗಿ ತಮ್ಮ ಲಂಬಾಣಿ ಮಾತಿನಲ್ಲಿ ಏನೋ ಹೇಳಿದ, ಅದನ್ನೇ ಇನ್ನೊಮ್ಮೆ ಹೇಳಿದ. ನಗುತ್ತಿದ್ದ, ಕಣ್ಣಲ್ಲಿ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬರುವಂತಿರಲಿಲ್ಲ. ಆ ನಗುವನ್ನು ಪುಂಡಲೀಕನಿಗೆ ನೋಡಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಗೌರಿಬಾಯಿ ಮಾತ್ರ ನಗಲಿಲ್ಲ. ಸೆರಗಿನಿಂದ ಗಂಡನ ಮುಖ ಒರೆಸಿದಳು. "ಇಲ್ಲಿ ಹೇಳಿದ್ರಿ, ಇವಂಗ ಸಮಾಧಾನ ಆತು. ನಿಮಗೂ ಆತು. ಅಲ್ಲಿ ಕಾರ್ಖಾನ್ಯಾಗ ಯಾರ ಹೇಳ್ತಾರ್ರಿ?"

"ನಾನ ಹೇಳ್ತೇನಿ, ಗೌರಿಬಾಯಿ. ನಾಳೆ..."

"ನಾಳೆ ಯಾಕ? ಇವತ್ತ ಹೋಗೂಣು ನಡೀರಿ. ನಾನೂ ಬರ್ತೇನಿ."

ಪಕ್ಕದ ಮನೆಯವರಿಗೆ ಗಂಡನನ್ನು ನೋಡಿಕೊಳ್ಳಲು ಹೇಳಿ ಹೊರಟೇಬಿಟ್ಟಳು.

ಚನಬಸಪ್ಪನವರ ಕೋಣೆಯಲ್ಲಿ ಅಂದಾನೆಪ್ಪನವರೂ ಇದ್ದರು. ಪುಂಡಲೀಕ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಗೌರಿಬಾಯಿ ಬಾಗಿಲು ಹಿಡಿದು ಒಂದೊಂದು ಮಾತನ್ನೂ ಕೇಳಿಸಿಕೊಂಡಳು.

"ಬಂದ್ ಮಾಡಂತ ಯಾರ ಹೇಳಿದ್ರು?" ಎಂದರು ಚನಬಸಪ್ಪ.

"ಅಂದಾನೆಪ್ಪ ಸರ್ ಹೇಳಿದ್ರು. ಮಾಡಿದಾಂವ ನಾ. ಆಮ್ಯಾಲೆ ಮುಚ್ಚಿಟ್ಟಾಂವನೂ ನಾನ."

ಅಂದಾನೆಪ್ಪ ಕಿಟಕಿಯಾಚೆ ನೋಡುತ್ತ ಉಳಿದರು. ಚನಬಸಪ್ಪ ಗುತ್ತಿಗೆದಾರನಿಗೆ ಫೋನ್ ಮಾಡಿ, ಥಾವರೆಪ್ಪನ ಔಷಧದ ಖರ್ಚು ಕಾರ್ಖಾನೆಯದು, ಗುಣವಾದ ಮೇಲೆ ಅವನ ಕೆಲಸ ಅವನಿಗೇ ಎಂದರು. ಫೋನ್ ಇಟ್ಟು, ಪುಂಡಲೀಕನ ಮುಖ ನೋಡದೆ, "ನಿನ್ನ ಪಾಸ್ ಗೇಟಿನ್ಯಾಗ ಕೊಟ್ಟು ಹೋಗು, ಇನ್ನ ಬರಬ್ಯಾಡ," ಎಂದರು.

ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಗೌರಿಬಾಯಿ ಕಲ್ಲುಬೆಂಚಿನ ಈ ತುದಿಗೆ ಕೂತಳು, ಪುಂಡಲೀಕ ಆ ತುದಿಗೆ. ಅವಳನ್ನು ಬಸ್ಸು ಹತ್ತಿಸಲು ಬಂದಿದ್ದ. ಕಾಯಿಪಲ್ಲೆಯ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬಂದು, ಇಬ್ಬರೂ ಒಂದೇ ಮನೆಯವರೆಂದುಕೊಂಡಳೋ ಏನೋ, "ಆಕಿ ಕಡೆ ಚೂರು ಸರೀಯಪಾ, ನಾನೂ ಕೂಡ್ತೇನಿ," ಎಂದಳು.

ಪುಂಡಲೀಕ ಸರಿಯಲಿಲ್ಲ. ಎದ್ದು ತನ್ನ ಜಾಗವನ್ನೇ ಬಿಟ್ಟುಕೊಟ್ಟ. ಮುಂಡಗೋಡದ ಬಸ್ಸು ಬರುವವರೆಗೂ ನೆರಳಿನಿಂದಾಚೆ, ಬಿಸಿಲಿನಲ್ಲಿ ನಿಂತೇ ಇದ್ದ.